ಬಾಗಿಲು ತೆಗೆದ್ರು, ಫೈಲು ಕೊಡಲಿಲ್ಲ

ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ‘ವ್ಯಕ್ತಿ’ ಅಂದ್ರೆ ಯಾರು?

ನಗಬೇಡಿ. ಮೂರನೇ ಕ್ಲಾಸಿನ ಹುಡುಗನೂ ಥಟ್ಟಂತ ಉತ್ತರ ಹೇಳೋ ಪ್ರಶ್ನೆ ಇದು. ಆದರೆ 1916ರಲ್ಲಿ ಕಲ್ಕತ್ತಾ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳು ಒಟ್ಟಿಗೆ ಕೂತು ಈ ಪ್ರಶ್ನೆಗೆ ಉತ್ತರ ಹುಡುಕಿದರು. ಹುಡುಕಿ ಕೊಟ್ಟ ಉತ್ತರ ಏನು ಗೊತ್ತಾ? ವಕೀಲಿಕೆ ಮಾಡೋ ವಿಚಾರಕ್ಕೆ ಬಂದರೆ, ಹೆಂಗಸು ‘ವ್ಯಕ್ತಿ’ ಅಲ್ಲ!

ಆ ಹೆಂಗಸಿನ ಹೆಸರು ರೆಜಿನಾ ಗುಹಾ. ಕಲ್ಕತ್ತಾ ವಿಶ್ವವಿದ್ಯಾಲಯದ ಎಂ.ಎ. ಪದವಿ ಕೈಯಲ್ಲಿತ್ತು, ಕಾನೂನು ಪದವಿಯೂ ಕೈಯಲ್ಲಿತ್ತು. ಅಲಿಪುರದ ಜಿಲ್ಲಾ ಕೋರ್ಟಿನಲ್ಲಿ ವಕೀಲಿಕೆ ಮಾಡ್ತೀನಿ, ಸನ್ನದು ಕೊಡಿ ಅಂತ ಅರ್ಜಿ ಹಾಕಿದರು. ಗಂಡಸರು ಬರೆದ ಪರೀಕ್ಷೆಯನ್ನೇ ಅವರೂ ಬರೆದಿದ್ದರು. ಮಾರ್ಕ್ಸ್ ಕಡಿಮೆ ಅಂತ ಯಾರೂ ಹೇಳಲಿಲ್ಲ. ನಡತೆ ಸರಿ ಇಲ್ಲ ಅಂತಲೂ ಹೇಳಲಿಲ್ಲ. ಮತ್ತೆ ತೊಂದರೆ ಏನಿತ್ತು? 1879ರ ವಕೀಲರ ಕಾಯ್ದೆಯಲ್ಲಿ ವಕೀಲನನ್ನು ‘ಅವನು’ ಅಂತ ಬರೆದಿದ್ದಾರೆ, ‘ಅವಳು’ ಅಂತ ಬರೆದಿಲ್ಲ ಅನ್ನೋದೇ ತೊಂದರೆ.

ಇಂಜಿನಿಯರಿಂಗ್ ಓದಿದವರಿಗೆ ಇಲ್ಲಿ ತಲೆ ಕೆಡುತ್ತೆ. ಯಾಕಂದ್ರೆ ಇದಕ್ಕೆ ಉತ್ತರ ಆಗಲೇ ಕಾನೂನಿನಲ್ಲೇ ಇತ್ತು. 1897ರ ಜನರಲ್ ಕ್ಲಾಸಸ್ ಆ್ಯಕ್ಟ್ ಸ್ಪಷ್ಟವಾಗಿ ಹೇಳುತ್ತೆ: ಕಾಯ್ದೆಯಲ್ಲಿ ಪುಲ್ಲಿಂಗ ಬಳಸಿದ್ದರೆ ಅದರಲ್ಲಿ ಸ್ತ್ರೀಲಿಂಗವೂ ಸೇರುತ್ತೆ, ಸಂದರ್ಭ ಬೇರೆ ಇಲ್ಲದಿದ್ದರೆ. ಡೆಫಿನಿಷನ್ ಕೊಟ್ಟಾಗಿದೆ, ಪ್ರೋಗ್ರಾಂ ಓಡಬೇಕು. ಆದರೆ ಕೋರ್ಟು ಕೊನೆಯ ಆ ಪುಟ್ಟ ಮಾತನ್ನು ಹಿಡಿದುಕೊಂಡಿತು. ಇಲ್ಲಿ ಸಂದರ್ಭ ಬೇರೆ ಇದೆ ಅಂದಿತು. ಇಲ್ಲೀವರೆಗೆ ಹೆಂಗಸರು ವಕೀಲರಾಗಿಲ್ಲ, ಹಾಗಾಗಿ ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಹೆಂಗಸರು ಇದ್ದಿರಲಿಕ್ಕಿಲ್ಲ, ಹಾಗಾಗಿ ಈಗಲೂ ಆಗೋ ಹಾಗಿಲ್ಲ. ವಾದ ನೋಡಿ. ಬಾಗಿಲು ಯಾಕೆ ಮುಚ್ಚಿದೆ? ಇಷ್ಟು ದಿನ ಮುಚ್ಚಿತ್ತಲ್ಲ, ಅದಕ್ಕೆ!

ಇದು ಕಲ್ಕತ್ತಾದ ಜಡ್ಜುಗಳು ತಾವಾಗಿ ಹುಟ್ಟಿಸಿದ ವಾದವೂ ಅಲ್ಲ. ಮೂರೇ ವರ್ಷ ಹಿಂದೆ, 1913ರಲ್ಲಿ, ಲಂಡನ್ನಿನ ಮೇಲ್ಮನವಿ ಕೋರ್ಟು ಗ್ವಿನೆತ್ ಬೆಬ್ ಅನ್ನೋ ಮಹಿಳೆಗೆ ಇದೇ ಉತ್ತರ ಕೊಟ್ಟಿತ್ತು. ಸಾಲಿಸಿಟರ್ ಕಾಯ್ದೆಯಲ್ಲಿ ಬರೋ ‘ವ್ಯಕ್ತಿ’ಯಲ್ಲಿ ಹೆಂಗಸು ಸೇರಲ್ಲ ಅಂತ. ಅಲ್ಲಿಯ ತೀರ್ಪು ಹಡಗು ಹತ್ತಿ ಇಲ್ಲಿಗೆ ಬಂತು. ಒಳ್ಳೇದು ಬರೋಕೆ ತಡ ಆಗುತ್ತೆ, ಇಂಥದ್ದು ಮಾತ್ರ ಬೇಗ ಬರುತ್ತೆ.

ಈಗ ಇನ್ನೂ ಸ್ವಲ್ಪ ಹಿಂದೆ ಹೋಗೋಣ. ಕಾರ್ನೀಲಿಯಾ ಸೊರಾಬ್ಜಿ. 1866ರಲ್ಲಿ ನಾಸಿಕದಲ್ಲಿ ಹುಟ್ಟಿದವರು. ಬಾಂಬೆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಮಹಿಳೆ. 1892ರಲ್ಲಿ ವಿಶೇಷ ಅನುಮತಿ ಪಡೆದು ಅಲ್ಲಿನ ಕಾನೂನು ಪರೀಕ್ಷೆ ಬರೆದರು. ಬರೆದರು ಸರಿ, ಪದವಿ ಕೊಟ್ರಾ? ಇಲ್ಲ. ಹೆಂಗಸರಿಗೆ ಪದವಿ ಕೊಡೋ ಪದ್ಧತಿ ಆಗ ಆಕ್ಸ್‌ಫರ್ಡಿನಲ್ಲಿ ಇರಲಿಲ್ಲ. ಆ ಕಾಗದ ಅವರ ಕೈಗೆ ಸಿಕ್ಕಿದ್ದು 30 ವರ್ಷ ಆದ ಮೇಲೆ.

ವಾಪಸ್ ಬಂದ ಮೇಲೆ ಸೊರಾಬ್ಜಿ ಸುಮ್ಮನೆ ಕೂರಲಿಲ್ಲ. ಆ ಕಾಲದಲ್ಲಿ ಪರದೆಯ ಹಿಂದೆ ಬದುಕ್ತಿದ್ದ ಜಮೀನ್ದಾರಿ ಮನೆತನದ ವಿಧವೆಯರು ಸಾವಿರಾರು. ಆಸ್ತಿ ಅವರ ಹೆಸರಲ್ಲಿ, ಲೆಕ್ಕಪತ್ರ ಮಾತ್ರ ಮೈದುನನದ್ದೋ ಗುಮಾಸ್ತನದ್ದೋ ಕೈಯಲ್ಲಿ. ಪರಪುರುಷನ ಮುಂದೆ ಬರೋ ಹಾಗಿಲ್ಲ ಅಂದ ಮೇಲೆ ಗಂಡು ವಕೀಲನ ಹತ್ತಿರ ತನ್ನ ಕಷ್ಟ ಹೇಳಿಕೊಳ್ಳೋದು ಹೇಗೆ? ಅಂದ್ರೆ ಮಹಿಳಾ ವಕೀಲರ ಅಗತ್ಯ ಇದ್ದದ್ದು ಸೊರಾಬ್ಜಿಗಲ್ಲ, ಆ ಕಕ್ಷಿದಾರರಿಗೆ. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಸರ್ಕಾರವೇ ಅವರನ್ನು ಲೇಡಿ ಅಸಿಸ್ಟೆಂಟ್ ಅಂತ ನೇಮಿಸಿತು. ಸಲಹೆ ಕೊಡಬಹುದು, ಕಾಗದಪತ್ರ ನೋಡಬಹುದು, ದಾರಿ ಹೇಳಬಹುದು. ಆದರೆ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ವಕೀಲೆಯಾಗಿ ನಿಲ್ಲೋ ಹಕ್ಕು? ಅದಿಲ್ಲ.

1921ಕ್ಕೆ ಬನ್ನಿ. ಅಲಹಾಬಾದ್ ಹೈಕೋರ್ಟು ಸೊರಾಬ್ಜಿಯವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಂಡಿತು. ಆಯ್ತಲ್ಲ, ಇನ್ನೇನು ಅಂದ್ಕೊಂಡ್ರಾ? ಅದೇ ವರ್ಷ ಪಟ್ನಾ ಹೈಕೋರ್ಟಿಗೆ ಸುಧಾಂಶುಬಾಲಾ ಹಜ್ರಾ ಅರ್ಜಿ ಹಾಕಿದರು. ಒಡಿಶಾದ ದೊಡ್ಡ ವಕೀಲ, ಜನ ಪ್ರೀತಿಯಿಂದ ‘ಮಧು ಬಾಬು’ ಅಂತಿದ್ದ ಮಧುಸೂದನ ದಾಸ್ ಬೆನ್ನಿಗಿದ್ದರು. ಪಟ್ನಾ ಕೋರ್ಟು ಕಲ್ಕತ್ತಾ ತೀರ್ಪಿನ ದಾರಿಯನ್ನೇ ಹಿಡಿದು, ಆಗಲ್ಲ ಅಂದುಬಿಟ್ಟಿತು. ಒಂದೇ ಸರ್ಕಾರ, ಒಂದೇ ಕಾಯ್ದೆ. ಅಲಹಾಬಾದಿನಲ್ಲಿ ಹೆಂಗಸು ವ್ಯಕ್ತಿ. ರೈಲು ಹತ್ತಿ ಪಟ್ನಾದಲ್ಲಿ ಇಳಿದರೆ ವ್ಯಕ್ತಿ ಅಲ್ಲ!

ಈ ಗೊಂದಲ ಮುಗಿಸೋಕೆ ಕಾನೂನೇ ಬೇಕಾಯ್ತು. ಬ್ರಿಟನ್ನಿನಲ್ಲಿ 1919ರಲ್ಲೇ ಅಂಥ ಕಾನೂನು ಬಂದಿತ್ತು. ನಮ್ಮಲ್ಲಿ 1923ರಲ್ಲಿ ಲೀಗಲ್ ಪ್ರಾಕ್ಟೀಷನರ್ಸ್ (ವಿಮೆನ್) ಆ್ಯಕ್ಟ್ ಬಂತು. ಪುಟ್ಟ ಕಾಯ್ದೆ. ಅದರ ಸಾರ ಒಂದೇ ಸಾಲು: ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ವಕೀಲಿಕೆಯಿಂದ ದೂರ ಇಡೋ ಹಾಗಿಲ್ಲ. ಇದನ್ನು ನೋಡೋಕೆ ರೆಜಿನಾ ಗುಹಾ ಉಳಿದಿರಲಿಲ್ಲ. 1919ರಲ್ಲೇ ತೀರಿಕೊಂಡಿದ್ದರು.

ಕಥೆ ಇಲ್ಲಿಗೆ ಸುಖಾಂತ್ಯ ಅಂತ ಹೇಳಿ ಬ್ರೇಕ್ ತಗೋಬಹುದಿತ್ತು. ಆದರೆ ನಿಜವಾದ ಕಥೆ ಶುರುವಾಗೋದು ಬಾಗಿಲು ತೆರೆದ ಮೇಲೆ.

ಅದೇ 1923. ಬಾಂಬೆ ಹೈಕೋರ್ಟಿನಲ್ಲಿ ಒಬ್ಬ ಯುವ ಬ್ಯಾರಿಸ್ಟರ್ ವಕೀಲಿಕೆ ಶುರು ಮಾಡಿದರು. ಕೊಲಂಬಿಯಾದಲ್ಲಿ ಓದಿದ್ದಾರೆ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದ್ದಾರೆ, ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿದ್ದಾರೆ. ಇಡೀ ಕೋರ್ಟಿನಲ್ಲಿ ಇಷ್ಟು ಓದಿದವರು ಎಷ್ಟು ಜನ ಇದ್ದರೋ ಹುಡುಕಬೇಕು. ಆದರೆ ಕೇಸು ಬರಲ್ಲ. ಯಾಕೆ? ಹೈಕೋರ್ಟಿನ ಒರಿಜಿನಲ್ ಸೈಡ್‌ನಲ್ಲಿ ಬ್ಯಾರಿಸ್ಟರಿಗೆ ಕೇಸು ಕೊಡೋದು ಕಕ್ಷಿದಾರ ಅಲ್ಲ, ಸಾಲಿಸಿಟರ್. ಆ ಸಾಲಿಸಿಟರ್‌ಗಳು ಈ ಬ್ಯಾರಿಸ್ಟರ್ ಹತ್ತಿರ ಸುಳಿಯಲಿಲ್ಲ. ಕಾರಣ, ಅವರ ಜಾತಿ. ಅವರ ಹೆಸರು ಭೀಮರಾವ್ ರಾಮಜಿ ಅಂಬೇಡ್ಕರ್.

ಇದು ಅವರಿಗೆ ಹೊಸದೂ ಅಲ್ಲ. ಅದಕ್ಕೂ ಮೊದಲು ಬಾಂಬೆಯಲ್ಲಿ ಷೇರು ವ್ಯಾಪಾರಿಗಳಿಗೆ ಸಲಹೆ ಕೊಡೋ ವ್ಯವಹಾರ ಶುರು ಮಾಡಿ ನೋಡಿದ್ದರು. ಅರ್ಥಶಾಸ್ತ್ರ ಓದಿದ ತಲೆ, ಸಲಹೆ ಚೆನ್ನಾಗಿಯೇ ಇತ್ತು. ಸಲಹೆ ಕೊಡೋವರ ಜಾತಿ ಯಾವುದು ಅಂತ ಗೊತ್ತಾದ ದಿನದಿಂದ ಗಿರಾಕಿಗಳು ಬರೋದು ನಿಂತುಹೋಯ್ತು. ವಕೀಲಿಕೆಯ ಆದಾಯ ಸಾಲದೆ, ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳಿ ಸಂಸಾರ ತೂಗಿಸಿದರು. ಮುಂದೆ ಇಡೀ ದೇಶದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗೋ ಮನುಷ್ಯನಿಗೆ, ಒಂದು ಸಿವಿಲ್ ಕೇಸಿನ ಫೈಲು ಕೊಡೋಕೆ ಜನ ಹಿಂಜರಿದರು.

ಈಗ ಎರಡೂ ಕಥೆ ಪಕ್ಕಪಕ್ಕ ಇಡಿ. ಸೊರಾಬ್ಜಿಗೆ ಮುಚ್ಚಿದ್ದು ಬಾಗಿಲು. ಅಂಬೇಡ್ಕರ್‌ಗೆ ಬಾಗಿಲು ತೆರೆದೇ ಇತ್ತು, ಸಿಗದೇ ಇದ್ದದ್ದು ಫೈಲು. ಸನ್ನದು ಸಿಕ್ಕ ಮೇಲೆ ಸೊರಾಬ್ಜಿಗೂ ಇದೇ ಗತಿ ಆಯ್ತು. ಕಲ್ಕತ್ತಾದಲ್ಲಿ ಅವರ ಹತ್ತಿರ ಬಂದ ಕೆಲಸ ಬಹುಪಾಲು ಅಭಿಪ್ರಾಯ ಬರೆದುಕೊಡೋದು. ಎದ್ದು ನಿಂತು ವಾದ ಮಾಡೋ ಅವಕಾಶ ಅಪರೂಪ. ಬಾಗಿಲು ತೆಗೆಯೋಕೆ ಒಂದು ಕಾಯ್ದೆ ಸಾಕು. ಫೈಲು ಕೊಡಿಸೋ ಕಾಯ್ದೆ ಯಾವ ಶಾಸನಸಭೆಯೂ ಮಾಡೋಕಾಗಲ್ಲ.

ಇಲ್ಲಿ ಯಾರಾದ್ರೂ ಕೈ ಎತ್ತೇ ಎತ್ತುತ್ತಾರೆ. ಸಾರ್, ಎಲ್ಲಾ ಸರಿ, ಮೆರಿಟ್ ಕಥೆ ಏನು? ಅರ್ಹತೆ ಇದ್ದವರು ಬರಲಿ, ಜಾತಿ-ಲಿಂಗ ಯಾಕೆ ನೋಡ್ಬೇಕು?

ಪ್ರಶ್ನೆ ತಪ್ಪಲ್ಲ. ನಮ್ಮ ಮೈಸೂರಿನಲ್ಲೇ ನೂರು ವರ್ಷದ ಹಿಂದೆ ಈ ಪ್ರಶ್ನೆ ಎದ್ದಿತ್ತು, ಅದೂ ಎಂಥವರಿಂದ! ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದವರ ಕೈಯಲ್ಲಿವೆ ಅನ್ನೋ ದೂರು ಬಂದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಒಂದು ಸಮಿತಿ ಮಾಡಿದರು. ಅಧ್ಯಕ್ಷರು ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಇಂಜಿನಿಯರುಗಳಿಗೆಲ್ಲ ದೇವರಂಥ ಮನುಷ್ಯ, ಅವರ ಹುಟ್ಟುಹಬ್ಬವೇ ನಮಗೆ ಇಂಜಿನಿಯರ್ಸ್ ಡೇ. ಓದಿಗೆ ಎಲ್ಲರಿಗೂ ಸಹಾಯ ಕೊಡೋಣ, ಹುದ್ದೆಗೆ ಮಾತ್ರ ದಕ್ಷತೆಯೇ ಅಳತೆಗೋಲಾಗಲಿ ಅನ್ನೋದು ಅವರ ನಿಲುವು. ಮಹಾರಾಜರ ನಿಲುವು ಬೇರೆ. ಅದೇ ವರ್ಷ ಸರ್ ಎಂ.ವಿ. ದಿವಾನಗಿರಿ ಬಿಟ್ಟರು.

ಮಿಲ್ಲರ್ ವರದಿ 1919ರಲ್ಲಿ ಬಂತು. ಏಳು ವರ್ಷದೊಳಗೆ ಮೇಲ್ದರ್ಜೆ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಅಂತ ಹೇಳಿತು. ಸರ್ಕಾರ ಒಪ್ಪಿ ಆದೇಶವನ್ನೂ ಮಾಡಿತು. ಆಡಳಿತ ಕುಸಿದುಬಿತ್ತಾ? ಇತಿಹಾಸ ನೋಡಿ. ಆ ಆದೇಶದ ನಂತರದ 20 ವರ್ಷಗಳಲ್ಲೇ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರಿಗೆ ‘ಮಾದರಿ ಸಂಸ್ಥಾನ’ ಅನ್ನೋ ಹೆಸರು ದೇಶದ ತುಂಬಾ ಓಡಾಡ್ತಿತ್ತು. ಸರ್ ಎಂ.ವಿ. ಮೇಲಿನ ಗೌರವ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಿಕೊಳ್ಳದೆ ಹೇಳ್ತೀನಿ, ಈ ಒಂದು ವಿಷಯದಲ್ಲಿ ಮಹಾರಾಜರ ಲೆಕ್ಕ ಸರಿ ಬಂತು.

ಇನ್ನು ಮೆರಿಟ್ ಪ್ರಶ್ನೆಗೆ ನೇರ ಉತ್ತರ. ರೆಜಿನಾ ಗುಹಾಗೆ ಮೆರಿಟ್ ಇರಲಿಲ್ವಾ? ಅಂಬೇಡ್ಕರ್‌ಗೆ ಇರಲಿಲ್ವಾ? ಅವರನ್ನು ತಡೆದದ್ದು ಮೆರಿಟ್ ಅಳೆದು ನೋಡಿದ ಮೇಲಲ್ಲ. ಅಳೆಯೋ ಮುಂಚೆ.

ಸ್ವಾತಂತ್ರ್ಯ ಬಂದ ಮೇಲೆ ಸರಿ ಹೋಗಿರಬೇಕು ಅಂದ್ಕೋಬೇಡಿ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರ ಕಥೆ ಕೇಳಿ. 1948ರಲ್ಲಿ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪರೀಕ್ಷೆ ಪಾಸಾದ ಮೊದಲ ಮಹಿಳೆ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗಲೇ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರು: ಮದುವೆಯಾದರೆ ರಾಜೀನಾಮೆ ಕೊಡ್ತೀನಿ ಅಂತ. ಮುಂದೆ 1961ರ ನಿಯಮಗಳಲ್ಲಿ ಅದು ಅಚ್ಚಾಗಿಯೂ ಬಂತು. ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಪಡೀಬೇಕು. ಸಂಸಾರದಿಂದ ಕೆಲಸಕ್ಕೆ ತೊಡಕು ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ನೆನಪಿರಲಿ, ಅಷ್ಟು ಹೊತ್ತಿಗೆ ಲಿಂಗದ ಆಧಾರದಲ್ಲಿ ತಾರತಮ್ಯ ಕೂಡದು ಅನ್ನೋ ಸಂವಿಧಾನ ಜಾರಿಗೆ ಬಂದು 11 ವರ್ಷ ಆಗಿತ್ತು.

ಮುತ್ತಮ್ಮ ಹಂಗೇರಿಗೆ ರಾಯಭಾರಿ ಆಗಿ ಬಂದವರು. ಆದರೂ ಮೇಲಿನ ದರ್ಜೆಯ ಬಡ್ತಿ ಅವರನ್ನು ದಾಟಿ ಹೋಯ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠದ ಮುಂದೆ ವಿಚಾರಣೆಗೆ ಬರೋ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತ್ತು. ಒಂದು ನಿಯಮ ಆಗಲೇ ರದ್ದಾಗಿತ್ತು, ಇನ್ನೊಂದನ್ನೂ ತೆಗೀತಿದ್ದೀವಿ ಅಂತ ಸರ್ಕಾರ ಹೇಳಿತು. ಹಾಗಾಗಿ ಅರ್ಜಿ ವಜಾ ಆಯ್ತು. ಆದರೆ ಕೃಷ್ಣ ಅಯ್ಯರ್ ಸುಮ್ಮನೆ ಬಿಡಲಿಲ್ಲ. ಸಂಸಾರ ಹೆಣ್ಣಿನ ಕೆಲಸಕ್ಕೆ ಅಡ್ಡ ಬರೋದಾದರೆ, ಗಂಡಿನ ಕೆಲಸಕ್ಕೂ ಬರಬಹುದಲ್ವಾ ಅಂತ ಕೇಳಿದರು. ಎಲ್ಲ ಸೇವಾ ನಿಯಮಗಳನ್ನೂ ಜರಡಿ ಹಿಡಿದು ಇಂಥ ತಾರತಮ್ಯ ತೆಗೀರಿ ಅಂತ ಸರ್ಕಾರಕ್ಕೆ ಹೇಳಿದರು. ಕೇಸು ಸೋತು ಯುದ್ಧ ಗೆಲ್ಲೋದು ಅಂದ್ರೆ ಇದು. ಮುತ್ತಮ್ಮ ಮದುವೆಯಾಗಲಿಲ್ಲ. ಅವರ ನಂತರ ಬಂದವರು ಮದುವೆಯೂ ಆದರು, ರಾಯಭಾರಿಯೂ ಆದರು.

ಕಂಪನಿಗಳ ಲೋಕಕ್ಕೆ ಬನ್ನಿ. ಅಲ್ಲಿ ನಮ್ಮ ಸುಧಾ ಕುಲಕರ್ಣಿ, ಅಂದ್ರೆ ಇವತ್ತಿನ ಸುಧಾ ಮೂರ್ತಿ ಅವರ ಪೋಸ್ಟ್‌ಕಾರ್ಡ್ ಕಥೆ ನಿಮಗೆಲ್ಲ ಗೊತ್ತು. 1974. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದ್ತಿದ್ದ ಹುಡುಗಿ. ಟೆಲ್ಕೋ ಕಂಪನಿಯ ಜಾಹೀರಾತಿನ ಕೊನೆಯಲ್ಲಿ, ಹೆಣ್ಣುಮಕ್ಕಳು ಅರ್ಜಿ ಹಾಕೋದು ಬೇಡ ಅಂತ ಬರೆದಿತ್ತು. ಸಿಟ್ಟು ಬಂದು ನೇರ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಗೀಚಿದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ತು. ಈ ಕಥೆಯನ್ನು ಒಂದು ಹುಡುಗಿಯ ಧೈರ್ಯದ ಕಥೆ ಅಂತ ಹೇಳ್ತೀವಿ. ನಾನು ಇನ್ನೊಂದು ಕಡೆಯಿಂದ ನೋಡ್ತೀನಿ. ಆ ಸಾಲು ಓದಿ ಕಾರ್ಡು ಬರೆಯದೆ ಪುಟ ತಿರುಗಿಸಿದ ಹೆಣ್ಣುಮಕ್ಕಳು ಎಷ್ಟು? ಅವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

1981ರಲ್ಲಿ ಏರ್ ಇಂಡಿಯಾ ಕೇಸು. ಗಗನಸಖಿಯರಿಗೆ ಆಗ ಇದ್ದ ನಿಯಮ ಹೀಗೆ: 35 ವರ್ಷ ತುಂಬಿದರೆ ಮನೆಗೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಮನೆಗೆ. ಮೊದಲ ಸಲ ಬಸುರಿಯಾದರೂ ಮನೆಗೆ. ಅದೇ ವಿಮಾನದಲ್ಲಿ ಕೆಲಸ ಮಾಡೋ ಗಂಡಸರಿಗೆ 58ರ ತನಕ ನೌಕರಿ. ನರ್ಗೇಶ್ ಮಿರ್ಜಾ ಮತ್ತು ಸಂಗಾತಿಗಳು ಹೋರಾಡಿದರು. ಸುಪ್ರೀಂ ಕೋರ್ಟು ಬಸಿರಿನ ನಿಯಮವನ್ನು ಕಿತ್ತು ಹಾಕಿತು. ನಾಲ್ಕು ವರ್ಷದ ಮದುವೆ ನಿಯಮವನ್ನು ಮಾತ್ರ ಉಳಿಸಿತು. ಅರ್ಧ ಬಾಗಿಲು ತೆಗೆದ ಹಾಗೆ.

ಆಮೇಲೆ 2013ರ ಕಂಪನಿ ಕಾಯ್ದೆ. ಷೇರುಪೇಟೆಯಲ್ಲಿರೋ ಪ್ರತಿ ಕಂಪನಿಯ ಆಡಳಿತ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇರಲೇಬೇಕು ಅಂತ ಬಂತು. ನಮ್ಮ ಉದ್ಯಮಪತಿಗಳು ಏನು ಮಾಡಿದರು? ಹಲವರು ಹೆಂಡತಿಯನ್ನೋ ಮಗಳನ್ನೋ ಅತ್ತಿಗೆಯನ್ನೋ ಕುರ್ಚಿಯಲ್ಲಿ ಕೂರಿಸಿ, ಕಾಯ್ದೆ ಪಾಲಿಸಿದ್ವಿ ಅಂತ ಟಿಕ್ ಹಾಕಿದರು. ಮನೆಯ ಊಟದ ಮೇಜೇ ಬೋರ್ಡ್ ರೂಮ್ ಆಯ್ತು. ಕೋಡ್‌ನಲ್ಲಿ ತೂತು ಕಂಡರೆ ಪ್ಯಾಚ್ ಹಾಕ್ತೀವಲ್ಲ, ಸೆಬಿ ಹಾಗೇ ಮಾಡಿತು. ಆ ನಿರ್ದೇಶಕಿ ಸ್ವತಂತ್ರ ನಿರ್ದೇಶಕಿಯೇ ಆಗಿರಬೇಕು ಅಂದಿತು. 2019ರ ಏಪ್ರಿಲ್‌ನಿಂದ ಅಗ್ರ 500 ಕಂಪನಿಗಳಿಗೆ, 2020ರ ಏಪ್ರಿಲ್‌ನಿಂದ ಅಗ್ರ 1000 ಕಂಪನಿಗಳಿಗೆ. ಕುರ್ಚಿ ಕೊಡೋದು ಬೇರೆ, ಆ ಕುರ್ಚಿಯಲ್ಲಿ ಕೂತವರ ಮಾತು ಕೇಳೋದು ಬೇರೆ. ಮೊದಲನೆಯದಕ್ಕೆ ಮಾತ್ರ ನಿಯಮ ಇದೆ.

ಮತ್ತೆ ಕೋರ್ಟಿಗೇ ವಾಪಸ್ ಬರೋಣ. ತಿರುವಾಂಕೂರಿನಲ್ಲಿ 1937ರಲ್ಲಿ ಮುನ್ಸಿಫ್ ಆದ ಅನ್ನಾ ಚಾಂಡಿ, 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಆದರು. ದೇಶದ ಯಾವುದೇ ಹೈಕೋರ್ಟಿಗೆ ಮೊದಲ ಮಹಿಳೆ. ಲೀಲಾ ಸೇಠ್ ಅವರಿಗೆ ಸುಪ್ರೀಂ ಕೋರ್ಟು ಸೀನಿಯರ್ ಅಡ್ವೊಕೇಟ್ ಸ್ಥಾನ ಕೊಟ್ಟಿದ್ದು 1977ರಲ್ಲಿ. ಆ ಕೋರ್ಟು ಎರಡನೇ ಮಹಿಳೆಗೆ, ಇಂದು ಮಲ್ಹೋತ್ರಾ ಅವರಿಗೆ, ಆ ಗೌರವ ಕೊಟ್ಟಿದ್ದು 2007ರಲ್ಲಿ. ಮಧ್ಯೆ 30 ವರ್ಷ! ನಮ್ಮ ಹೈಕೋರ್ಟು 1884ರಲ್ಲಿ ಮೈಸೂರು ಚೀಫ್ ಕೋರ್ಟ್ ಅಂತ ಶುರುವಾದದ್ದು. ಅಲ್ಲಿಗೆ ಮೊದಲ ಮಹಿಳಾ ನ್ಯಾಯಮೂರ್ತಿ ಬಂದಿದ್ದು 2000ದಲ್ಲಿ. ಬಳ್ಳಾರಿಯಲ್ಲಿ ವಕೀಲಿಕೆ ಶುರು ಮಾಡಿದ್ದ ಮಂಜುಳಾ ಚೆಲ್ಲೂರ್. 116 ವರ್ಷ ಕಾದ ಕುರ್ಚಿ ಅದು. ಮುಂದೆ ಅವರೇ ಕಲ್ಕತ್ತಾ ಹೈಕೋರ್ಟಿನ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಆದರು. ಯಾವ ಕಲ್ಕತ್ತಾ ಹೈಕೋರ್ಟು? ರೆಜಿನಾ ಗುಹಾ ‘ವ್ಯಕ್ತಿ’ ಅಲ್ಲ ಅಂದಿತ್ತಲ್ಲ, ಅದೇ. ತೊಂಬತ್ತೆಂಟು ವರ್ಷ ಹಿಡೀತು, ಆದರೆ ಬಳ್ಳಾರಿಯಿಂದ ಹೋದ ಹೆಣ್ಣುಮಗಳು ಆ ಕೋರ್ಟಿನ ಅತಿ ಎತ್ತರದ ಕುರ್ಚಿಯಲ್ಲಿ ಕೂತರು.

ಸುಪ್ರೀಂ ಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಫಾತಿಮಾ ಬೀವಿ ಬಂದಿದ್ದು 1989ರ ಅಕ್ಟೋಬರ್‌ನಲ್ಲಿ. ಆಗ ಮುಖ್ಯ ನ್ಯಾಯಮೂರ್ತಿ ಯಾರು? ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯ. ಅವರ ಮಗಳು ಬಿ.ವಿ. ನಾಗರತ್ನ ಬೆಂಗಳೂರಿನಲ್ಲಿ ವಕೀಲಿಕೆ ಶುರು ಮಾಡಿ ಆಗಿನ್ನೂ ಎರಡೇ ವರ್ಷ. ಹಿರಿತನದ ಲೆಕ್ಕ ಹೀಗೇ ನಡೆದರೆ 2027ರ ಸೆಪ್ಟೆಂಬರ್‌ನಲ್ಲಿ ಅವರು ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. ಕನ್ನಡಿಗರಿಗೆ ಹೆಮ್ಮೆ, ನಿಜ. ಆದರೆ ಅವಧಿ ಎಷ್ಟು? ಸುಮಾರು 36 ದಿನ. ಯಾಕೆ ಇಷ್ಟು ಕಡಿಮೆ? ಲೆಕ್ಕ ಸರಳ. 65ಕ್ಕೆ ನಿವೃತ್ತಿ, ಮೇಲಿನ ಕುರ್ಚಿ ಸಿಗೋದು ಸೇರಿದ ದಿನಾಂಕದ ಸಾಲಿನ ಪ್ರಕಾರ. ಸಾಲಿಗೆ ತಡವಾಗಿ ಬಂದವರಿಗೆ ಮುಂದೆ ತಲುಪೋ ಹೊತ್ತಿಗೆ ಸಮಯವೇ ಉಳಿದಿರಲ್ಲ. 1950ರಿಂದ 2025ರ ಕೊನೆವರೆಗೆ ಆ ಸಾಲಿನಲ್ಲಿ ನಿಂತ ಮಹಿಳೆಯರು ಬರೀ 11 ಜನ.

ಸಾಲಿನ ಬುಡ ಎಲ್ಲಿದೆ? ತಾಲ್ಲೂಕು ಕೋರ್ಟಿನಲ್ಲಿ, ವಕೀಲರ ಸಂಘದಲ್ಲಿ. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಗೆ ಮೀಸಲಿಡಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. ನ್ಯಾಯ ಕೇಳೋಕೆ ಊರಿನವರು ವಕೀಲರ ಹತ್ತಿರ ಹೋಗ್ತಾರೆ. ವಕೀಲೆಯರು ತಮ್ಮ ಸಂಘದಲ್ಲಿ ಒಂದು ಕುರ್ಚಿಗೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯ್ತು!

ಸರ್ಕಾರ ಏನು ಮಾಡ್ಬೇಕು, ಕೊಲಿಜಿಯಂ ಏನು ಮಾಡ್ಬೇಕು ಅಂತ ನಾನು ದಿನಾ ಸ್ಟುಡಿಯೋದಲ್ಲಿ ಕೇಳ್ತೀನಿ. ಇವತ್ತು ನಿಮ್ಮನ್ನು ಕೇಳ್ತೀನಿ. ಹೈಕೋರ್ಟಿನ ಜಡ್ಜ್ ಆಗೋಕೆ ವಕೀಲರಿಗೆ ಕೇಸು ಬೇಕು, ದೊಡ್ಡ ಕೇಸು ಬೇಕು, ವಾದ ಮಾಡಿ ಹೆಸರು ಮಾಡಬೇಕು. ಆ ಕೇಸು ಕೊಡೋರು ಯಾರು? ನಾವು. ಜಮೀನಿನ ತಕರಾರು ಇರೋ ರೈತ, ಚೆಕ್ ಬೌನ್ಸ್ ಆದ ಅಂಗಡಿಯವರು, ಒಪ್ಪಂದ ಮಾಡಿಕೊಳ್ಳೋ ಕಂಪನಿ ಮಾಲೀಕರು. ವಕೀಲರ ಚೇಂಬರಿಗೆ ಹೋದಾಗ ಎದುರಿಗೆ ಹೆಣ್ಣುಮಗಳು ಕೂತಿದ್ದರೆ, ಲಾಯರ್ ಸಾಹೇಬರು ಎಲ್ಲಿ ಅಂತ ಕೇಳ್ತೀವಲ್ಲ, ಆ ಪ್ರಶ್ನೆ ಇದೆಯಲ್ಲ, ಅದು 1916ರ ತೀರ್ಪಿನ ಕೊನೆಯ ಸಾಲು. ಅಡ್ಡಹೆಸರು ಕೇಳಿ ಜಾತಿ ಅಂದಾಜು ಮಾಡಿ ಆಮೇಲೆ ಫೈಲು ಕೊಡೋದು, ಬಾಂಬೆ ಸಾಲಿಸಿಟರ್‌ಗಳ ಹಳೇ ರೂಢಿ.

ಬಾಗಿಲು ತೆಗೆಯೋ ಕೆಲಸ 1923ರಲ್ಲಿ ಆಯ್ತು. ಫೈಲು ಮಾತ್ರ ಇನ್ನೂ ನಮ್ಮ ಕಂಕುಳಲ್ಲೇ ಇದೆ. ಮುಂದಿನ ಸಲ ಕೇಸು ಹಿಡ್ಕೊಂಡು ಚೇಂಬರಿನ ಮೆಟ್ಟಿಲು ಹತ್ತುವಾಗ, ಯಾರ ಕೈಗೆ ಕೊಡ್ತೀರಿ ಅಂತ ಒಂದು ಕ್ಷಣ ಯೋಚನೆ ಮಾಡಿ.